ಅದೇ ಆರು ರನ್



ಆಟೋಟದ ಬಹುಮಾನ ಕೊಡುವ ಮುಂಚೆ ಸೋಲು ಗೆಲುವಿನ ಬಗ್ಗೆ ಐದು ನಿಮಿಷ ಮಾತಾಡಪ್ಪ ಎಂದು ಮೇಷ್ಟ್ರು ಹೇಳಿದ್ದಾರೆ. ನಾನು ಓಡಿ ಗೆದ್ದವನಲ್ಲ, ಮೈದಾನದ ಅಂಚಿನಲ್ಲಿ ಕೂತು ಸ್ಕೋರ್ ಬರೆಯುತ್ತಿದ್ದವನು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

2009ರ ಮೇ 24. ನಾನು ಹತ್ತನೇ ತರಗತಿಗೆ ಬರುವ ಮುಂಚಿನ ರಜೆ. ಜೋಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಫೈನಲ್. ಡೆಕ್ಕನ್ ಚಾರ್ಜರ್ಸ್ 143, ನಮ್ಮ ಆರ್‌ಸಿಬಿ 137. ಆರು ರನ್ ಸೋಲು. ಅವತ್ತು ನಾಯಕ ಅನಿಲ್ ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಔಟ್ ಮಾಡಿ, ಒಟ್ಟು 16 ರನ್ನಿಗೆ 4 ವಿಕೆಟ್ ತೆಗೆದಿದ್ದರು. ಪಂದ್ಯಶ್ರೇಷ್ಠರೂ ಅವರೇ, ಸೋತ ನಾಯಕರೂ ಅವರೇ. (ಕುಂಬ್ಳೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಬಿಇ ಓದಿದವರು. ನಮ್ಮಂಥ ಇಂಜಿನಿಯರುಗಳಿಗೆ ಅದೊಂದು ಹೆಮ್ಮೆ!)

ಎಂಟು ತಿಂಗಳೊಳಗೆ, 2010ರ ಜನವರಿಯಲ್ಲಿ, ಮೈಸೂರಿನಲ್ಲಿ ರಣಜಿ ಫೈನಲ್. ಮುಂಬೈ ಎದುರು ಕರ್ನಾಟಕಕ್ಕೆ 338ರ ಗುರಿ. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75 ಹೊಡೆದರು. ಇನ್ನೇನು ಗೆದ್ದೆವು ಅನ್ನುವಾಗ ವಿಕೆಟ್ ಉದುರಿ 331ಕ್ಕೆ ಆಲೌಟ್. ಮತ್ತೆ ಆರು ರನ್.

ಆ ಎರಡೂ ದಿನ ನಮ್ಮ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆದರೆ ವಾರಗಟ್ಟಲೆ ಆಟ ಮುಗಿಯಲೂ ಇಲ್ಲ. ಆ ಶಾಟ್ ಬೇಡವಿತ್ತು, ಒಂದೇ ಒಂದು ಬೌಂಡರಿ ಬಂದಿದ್ದರೆ ಎಂದು ಕಟ್ಟೆ ಮೇಲೆ ಕೂತು ಮತ್ತೆ ಮತ್ತೆ ಆಡುತ್ತಿದ್ದೆವು. ಸೋತ ಮನೆಯಲ್ಲಿ ಅಕ್ಕಪಕ್ಕದವರು ಸಮಾಧಾನ ಹೇಳುತ್ತಾರೆ, ಊಟ ಮಾಡು ಎನ್ನುತ್ತಾರೆ. ಸೋತವರನ್ನು ನೋಡಿಕೊಳ್ಳುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಕರ್ನಾಟಕವೂ ಎದ್ದು ಬಂತು, ವಿನಯ್ ಕುಮಾರ್ ನಾಯಕತ್ವದಲ್ಲಿ 2013-14, 2014-15 ಎರಡು ವರ್ಷವೂ ರಣಜಿ ಗೆದ್ದಿತು.

ಇನ್ನು ಗೆಲುವಿನ ಲೆಕ್ಕ. 2025ರ ಜೂನ್ 3, ಅಹಮದಾಬಾದ್. ಆರ್‌ಸಿಬಿ 190, ಪಂಜಾಬ್ 184. ಅದೇ ಆರು ರನ್, ಈ ಸಲ ನಮ್ಮ ಕಡೆಗೆ! ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಕಪ್. ಮಧ್ಯರಾತ್ರಿ ದಾಟಿದರೂ ಇಲ್ಲಿ ಪಟಾಕಿ ನಿಲ್ಲಲಿಲ್ಲ. ನಾನೂ ಹೊಡೆದೆ.

ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಬಹುತೇಕ ಎಳೆ ವಯಸ್ಸಿನವರು. ನನ್ನ ಚಿಕ್ಕಪ್ಪನ ಮಗ ಪಿಯುಸಿ ಹುಡುಗ, ಮಧ್ಯಾಹ್ನವೇ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಹೋಗಿದ್ದ. ಸಂಜೆ ಟಿವಿಯಲ್ಲಿ ಸುದ್ದಿ ಬಂತು, ಅವನ ಫೋನು ಸಿಗುತ್ತಿಲ್ಲ. ಚಿಕ್ಕಮ್ಮ ಗೇಟು ಹಿಡಿದು ನಿಂತವರು ಅಲ್ಲಾಡಲಿಲ್ಲ. ಒಂಬತ್ತೂವರೆಗೆ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಬಂದ. "ಕಪ್ ಕಾಣಿಸ್ಲೇ ಇಲ್ಲ ಅಣ್ಣ," ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿದ.

ಅಲ್ಲಿಗೆ ಹೋದ ಮಕ್ಕಳನ್ನು ಬೈದವರಿದ್ದಾರೆ. ನಾನು ಬೈಯಲಾರೆ. ಅಷ್ಟು ವರ್ಷ ಕಾದವರಿಗೆ ಹೋಗಬೇಕು ಅನ್ನಿಸುವುದು ತಪ್ಪಲ್ಲ. ಕರೆದವರು ಜಾಗ ಮಾಡಿಕೊಡಬೇಕಿತ್ತು. ಸೋತಾಗ ಸುತ್ತ ನಿಂತು ನೋಡಿಕೊಳ್ಳುವ ನಾವು, ಗೆದ್ದಾಗಲೂ ಮಕ್ಕಳಿಗೆ ಕಾವಲು ಬೇಕು ಎಂದು ಯೋಚಿಸಿಯೇ ಇರಲಿಲ್ಲ.

ಮೇಷ್ಟ್ರೇ, ಬಹುಮಾನದ ಪಟ್ಟಿ ಕೊಡಿ. ಮಕ್ಕಳೇ, ಒಬ್ಬೊಬ್ಬರಾಗಿ ಕರೆಯುತ್ತೇನೆ, ಎಡಗಡೆ ಮೆಟ್ಟಿಲಿನಿಂದ ಬನ್ನಿ.