ಬೆಂಚಿನ ಮೇಲಿನ ಅನುಮಾನ

(ರಾಯದುರ್ಗ ಮತ್ತು ಮಡಕಶಿರಾ ಕಡೆಯ ಕೂಲಿಕಾರ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಹೆಚ್ಚು ಹೊತ್ತು ಮಾತಾಡುವುದಿಲ್ಲ. ರಾಯದುರ್ಗದ ಕಡೆಯಿಂದ ಬಂದವರು ಸಂಜೆಯ ಬಸ್ಸು ಹಿಡಿಯಬೇಕು. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ವಿಜ್ಞಾನದ ಮೇಲೆ ಉಪನ್ಯಾಸ ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಒಂದು ಹೊಸ ಯಂತ್ರದ ಸುದ್ದಿಯೋ, ಸರ್ಕಾರದ ಹೊಸ ಆನ್‌ಲೈನ್ ಪದ್ಧತಿಯ ಸುದ್ದಿಯೋ ಬಂದಾಗ ನಾವು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಏನು ಮಾತಾಡುತ್ತೇವೆಂದು ಚೆನ್ನಾಗಿ ಬಲ್ಲೆ. ಏಕೆಂದರೆ ಆ ಬೆಂಚಿನ ಮೇಲೆ ನಾನೂ ಇರುತ್ತೇನೆ.

2025ರ ಜನವರಿ 30ರಂದು ಆಂಧ್ರ ಸರ್ಕಾರ ‘ಮನ ಮಿತ್ರ’ ಎಂಬ ವಾಟ್ಸಾಪ್ ಸೇವೆ ಶುರು ಮಾಡಿತು. ಮೊದಲ ಹಂತದಲ್ಲೇ 161 ಸೇವೆಗಳು ಫೋನಿನಲ್ಲಿ ಸಿಗುತ್ತವೆ ಎಂದು ಪತ್ರಿಕೆಯಲ್ಲಿ ಬಂತು. ಬೆಂಚಿನ ಮೇಲೆ ಒಬ್ಬರು ಅದನ್ನು ಗಟ್ಟಿಯಾಗಿ ಓದಿದರು. ಪಕ್ಕದವರು, “ಆಫೀಸಿನಾಗೆ ಸಿಗದ ಗುಮಾಸ್ತ ಫೋನಿನಾಗೆ ಸಿಗ್ತಾನೇನಪ್ಪಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಟೀ ಮುಗಿಯಿತು, ಸುದ್ದಿಯೂ ಮುಗಿಯಿತು. ಆ 161ರಲ್ಲಿ ನಮಗೆ ಬೇಕಾದದ್ದು ಯಾವುದು, ಅದು ನಡೆಯುತ್ತದೋ ಇಲ್ಲವೋ ಎಂದು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.

ಅನುಮಾನ ಪಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಸೀಮೆಯವರಿಗೆ ಅನುಮಾನ ಪುಕ್ಕಟೆಯಾಗಿ ಬಂದದ್ದಲ್ಲ. ಮಳೆ ಕೈಕೊಟ್ಟಿದೆ, ಕಡಲೆಕಾಯಿ ಕೈಕೊಟ್ಟಿದೆ, ಮಾತು ಕೊಟ್ಟವರೂ ಕೈಕೊಟ್ಟಿದ್ದಾರೆ. ಆದರೆ ಒಳ್ಳೆಯ ಅನುಮಾನ ಬೇರೆ, ಬರೀ ಬಾಯಿಮಾತಿನ ಅನುಮಾನ ಬೇರೆ.

ಮೋಡ ಬಿತ್ತನೆಯ ಸಂಗತಿ ಹಿರಿಯರಿಗೆ ನೆನಪಿರಬಹುದು. 2003ರಲ್ಲಿ ಕರ್ನಾಟಕ ಸರ್ಕಾರ ‘ವರುಣ’ ಎಂಬ ಹೆಸರಿನಲ್ಲಿ ಅದನ್ನು ಮಾಡಿಸಿತು. ಆ ವರ್ಷಗಳಲ್ಲೇ ನಮ್ಮ ಅನಂತಪುರ ಜಿಲ್ಲೆಯ ಮೇಲೂ ವಿಮಾನ ಹಾರಿತು. ಆಗ ನಮ್ಮವರು ಎರಡು ಮಾತು ಆಡಿದರು. ಒಂದು, “ವಿಮಾನ ಬಂದು ಇದ್ದ ಮೋಡವನ್ನೂ ಓಡಿಸಿತು.” ಇನ್ನೊಂದು, “ಮೋಡವೇ ಇಲ್ಲದ ಆಕಾಶಕ್ಕೆ ಮದ್ದು ಹಾಕಿದರೆ ಮಳೆ ಎಲ್ಲಿಂದ ಬರುತ್ತದೆ?” ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದು ತಜ್ಞರೂ ಒಪ್ಪುವ ಪ್ರಶ್ನೆ. ಮೋಡ ಬಿತ್ತನೆ ಎಂದರೆ ಮೋಡವನ್ನು ಹುಟ್ಟಿಸುವುದಲ್ಲ. ಹಸಿ ಇರುವ ಮೋಡಕ್ಕೆ ಉಪ್ಪಿನ ಪುಡಿ ಅಥವಾ ಸಿಲ್ವರ್ ಅಯೊಡೈಡ್ ಎರಚಿ, ಹನಿಗೂಡಲು ಸಹಾಯ ಮಾಡುವುದು. ಮೋಡವಿಲ್ಲದಿದ್ದರೆ ಏನೂ ಇಲ್ಲ. ಮಳೆ ಬಂದರೂ ಮದ್ದಿನಿಂದ ಬಂತೋ, ತಾನಾಗಿಯೇ ಬರುತ್ತಿತ್ತೋ ಎಂದು ಲೆಕ್ಕ ಹಾಕುವುದು ಬಹಳ ಕಷ್ಟ. ಅಂದರೆ ಕೇಳತಕ್ಕ ಪ್ರಶ್ನೆ ನಮ್ಮ ಬೆಂಚಿನಲ್ಲೇ ಇತ್ತು. ಆದರೆ ಸರಿಯಾದ ಮಾತಿಗೂ ಸುಳ್ಳು ಮಾತಿಗೂ ನಾವು ಒಂದೇ ನಗು ನಕ್ಕೆವು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಸಹೋದರರಿಗೆ ಇನ್ನೊಂದು ಉದಾಹರಣೆ ಗೊತ್ತು. 2021ರ ಆಗಸ್ಟ್ 26ರಂದು ಕೇಂದ್ರ ಸರ್ಕಾರ ಇ-ಶ್ರಮ್ ನೋಂದಣಿ ಆರಂಭಿಸಿತು. ಕೆಲವರು, ಹೆಸರು ಬರೆಸಿದರೆ ತೆರಿಗೆ ಬೀಳುತ್ತದೆ ಎಂದರು. ಕೆಲವರು, ಕಾರ್ಡು ಬಂದರೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ ತಾನಾಗಿಯೇ ಬರುತ್ತದೆ ಎಂದರು. ಎರಡೂ ಸುಳ್ಳು. ಇ-ಶ್ರಮ್ ಎಂಬುದು ಅಸಂಘಟಿತ ಕೆಲಸಗಾರರ ಹೆಸರಿನ ಪಟ್ಟಿ. 3,000ದ ಪಿಂಚಣಿ 2019ರಲ್ಲಿ ಬಂದ ಬೇರೆ ಯೋಜನೆ. ಅದಕ್ಕೆ ನಾವು ತಿಂಗಳು ತಿಂಗಳು ಹಣ ಕಟ್ಟಬೇಕು, 60 ವರ್ಷ ತುಂಬಬೇಕು. ಏನನ್ನೂ ನಂಬದವನೂ ಎಲ್ಲವನ್ನೂ ನಂಬುವವನೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿರುತ್ತಾರೆ. ಇಬ್ಬರೂ ಕಾಗದ ತೆಗೆದು ನೋಡುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಬೇರೆಯವರ ತಪ್ಪು ಹೇಳಿದಂತಾಯಿತು. ಈಗ ನನ್ನ ತಪ್ಪು ಹೇಳುತ್ತೇನೆ.

ಮಡಕಶಿರಾ ಕಡೆಯ ಒಂದು ಊರು. ಹೆಸರು ಬೇಡ. ಅರವತ್ತು ದಾಟಿದ ಒಬ್ಬ ಅಕ್ಕ ಬೇಸಿಗೆಯಲ್ಲಿ ಉಪಾಧಿ ಹಾಮಿ ಕೆಲಸಕ್ಕೆ ಹೋದರು. ಮೂರು ವಾರ ಮಣ್ಣು ಹೊತ್ತರು. ಜೊತೆಯವರಿಗೆಲ್ಲ ಕೂಲಿ ಬಂತು, ಇವರಿಗೆ ಬರಲಿಲ್ಲ. ಒಂದು ದಿನ ನಾನು ಟೀ ಕುಡಿಯುತ್ತಿರುವಾಗ ಬಂದು, “ಏನಪ್ಪಾ, ನನ್ನ ಕೂಲಿ ಬರುತ್ತೇನು?” ಎಂದು ಕೇಳಿದರು. ನಾನು, “ಅಕ್ಕಾ, ಹೆಬ್ಬೆಟ್ಟು, ಆನ್‌ಲೈನು ಅಂದ ಮೇಲೆ ಆ ದುಡ್ಡು ಗಾಳಿಗೆ ಹೋದ ಹಾಗೇ. ಬಿಟ್ಟುಬಿಡಿ” ಎಂದೆ. ಬೆಂಚಿನ ಮೇಲಿದ್ದವರು ಹೌದು ಹೌದು ಎಂದರು. ಉಪದೇಶಿ, ಅದರಲ್ಲೂ ಸಂಘದ ಕೆಲಸ ಮಾಡುವವನು ಹೇಳಿದ ಮೇಲೆ ಇನ್ನೇನು? ಆ ಅಕ್ಕ ಬಿಟ್ಟುಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಕೆಲಸಕ್ಕೇ ಹೋಗಲಿಲ್ಲ.

ವರ್ಷ ಕಳೆದ ಮೇಲೆ ನಮ್ಮ ಸಂಘದ ಒಬ್ಬ ಹುಡುಗಿ, ಇಂಟರ್ ಪಾಸಾದವಳು, ಊರಿನ ಹೆಂಗಸರ ಪಾಸ್‌ಬುಕ್ಕುಗಳನ್ನು ಒಟ್ಟು ಮಾಡಿಕೊಂಡು ಬ್ಯಾಂಕಿಗೆ ಹೋದಳು. ಆ ಅಕ್ಕನ ಹಣ ಗಾಳಿಗೆ ಹೋಗಿರಲಿಲ್ಲ. 2014ರಲ್ಲಿ ಜನಧನ ಖಾತೆಗಳನ್ನು ತೆರೆದ ಕಾಲದಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಅವರ ಹೆಸರಿಗೆ ಖಾತೆ ಆಗಿತ್ತು. ಅವರ ಆಧಾರ್ ಆ ಖಾತೆಗೆ ಸೇರಿಕೊಂಡಿತ್ತು. ಮೂರು ವಾರದ ಕೂಲಿ ಅಲ್ಲೇ ಬಿದ್ದಿತ್ತು. ಆ ಪಾಸ್‌ಬುಕ್ಕು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. “ಅವತ್ತೇ ನೀನು ಗೊತ್ತಿಲ್ಲ ಅಂದಿದ್ದರೆ ಬೇರೆಯವರನ್ನು ಕೇಳ್ತಿದ್ದೆ ಕಣಪ್ಪಾ” ಎಂದರು, ಅಷ್ಟೇ.

ಆ ಮಾತು ಈ ಹೊತ್ತಿಗೂ ನನ್ನನ್ನು ಚುಚ್ಚುತ್ತದೆ. ಅವರ ಒಂದು ವರ್ಷದ ಕೂಲಿ ಕಳೆದದ್ದು ಯಂತ್ರದಿಂದಲ್ಲ, ನನ್ನ ಬಾಯಿಯಿಂದ.

ಹಾಗಾದರೆ ಯಂತ್ರ ಸರಿ, ನಾವೇ ತಪ್ಪು ಎನ್ನಬೇಕೇ? ಖಂಡಿತ ಇಲ್ಲ. ಈ ಪದ್ಧತಿ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನೋಡೋಣ.

2024ರ ಜನವರಿ 1ರಿಂದ ಉಪಾಧಿ ಕೂಲಿಯನ್ನು ಆಧಾರ್ ಮೂಲಕವೇ ಕೊಡಬೇಕೆಂದು ಕಡ್ಡಾಯ ಮಾಡಿದರು. ಇದರಲ್ಲಿ ಕೂಲಿ ಹೋಗುವುದು ನಾವು ಬರೆದುಕೊಟ್ಟ ಖಾತೆ ನಂಬರಿಗೆ ಅಲ್ಲ. ಆಧಾರ್ ನಂಬರಿಗೆ ಕೊನೆಯ ಸಲ ಯಾವ ಬ್ಯಾಂಕು ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎರಡು ಮೂರು ಖಾತೆ ಇರುವವರಿಗೆ ಹಣ ಎಲ್ಲಿ ಬಿದ್ದಿತೆಂದು ತಿಳಿಯುವುದಿಲ್ಲ.

ಹೆಸರಿನ ತೊಂದರೆ ಬೇರೆ. ನಾವು ಗಡಿಯ ಜನ. ಮನೆಯಲ್ಲಿ ಕನ್ನಡ, ಸಚಿವಾಲಯದಲ್ಲಿ ತೆಲುಗು, ಬ್ಯಾಂಕಿನಲ್ಲಿ ಇಂಗ್ಲಿಷು. ದೇವಾಲಯದ ಪುಸ್ತಕದಲ್ಲಿ ನಾನು ಮರಿಯಮ್ಮ ಎಂದು ಬರೆದದ್ದು ಜಾಬ್ ಕಾರ್ಡಿನಲ್ಲಿ ಮೇರಮ್ಮ, ಆಧಾರಿನಲ್ಲಿ ಮೇರಿ. ಊರಿನವರಿಗೆ ಮೂರೂ ಒಬ್ಬಳೇ. ಕಂಪ್ಯೂಟರಿಗೆ ಮೂವರು. ಇದು ಕಂಪ್ಯೂಟರಿನ ಕೊಬ್ಬಲ್ಲ, ಅದಕ್ಕೆ ಹೇಳಿಕೊಟ್ಟದ್ದೇ ಅಷ್ಟು. ತಪ್ಪು ಎಲ್ಲಿದೆ ಎಂದರೆ, ಹೆಸರು ಹೊಂದದಿದ್ದಾಗ ನಷ್ಟ ಕೂಲಿಯವಳ ತಲೆಗೆ ಬರಲಿ ಎಂದು ನಿಯಮ ಮಾಡಿದಲ್ಲಿದೆ.

ಬೆರಳಿನ ಸಂಗತಿಯೂ ಹೀಗೆಯೇ. ಬೆರಳಿನ ತುದಿಯಲ್ಲಿರುವ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ಯಂತ್ರ ನೋಡುತ್ತದೆ. ಸಲಿಕೆ ಹಿಡಿದು, ಸುಣ್ಣ ಸಿಮೆಂಟು ಕಲಸಿ ಗೆರೆ ಸವೆದವರ ಬೆರಳನ್ನು ಅದು ಗುರುತಿಸಲಾರದು. ವಯಸ್ಸಾದ ಹಾಗೆಲ್ಲ ಚರ್ಮ ಒಣಗಿ ಇನ್ನೂ ಕಷ್ಟ. ಯಾರು ಹೆಚ್ಚು ದುಡಿದರೋ ಅವರೇ ಹೆಚ್ಚು ಸಲ ಬೆರಳೊತ್ತಬೇಕು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆಧಾರ್ ಕಾನೂನನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೆ ಬೆರಳು ಒಪ್ಪಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದು ಎಂಬ ಮಾತೂ ಅದರಲ್ಲಿದೆ. ಬೆಂಚಿನ ಮೇಲೆ ಈ ಮಾತನ್ನು ಒಮ್ಮೆಯಾದರೂ ಆಡಿದ್ದೇವೆಯೇ?

ಇನ್ನು ಫೋಟೋ ಹಾಜರಿ. 2023ರ ಜನವರಿ 1ರಿಂದ ಹೆಚ್ಚುಕಡಿಮೆ ಎಲ್ಲ ಉಪಾಧಿ ಕೆಲಸದ ಜಾಗಗಳಲ್ಲಿ ಮೇಟ್ ದಿನಕ್ಕೆ ಎರಡು ಸಲ ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಕಾಯಿತು. ಕಳ್ಳ ಹಾಜರಿ ನಿಲ್ಲಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. “ಕಳ್ಳ ಹೊಸ ಯಂತ್ರಕ್ಕೂ ದಾರಿ ಕಂಡುಕೊಳ್ಳುತ್ತಾನೆ” ಎಂದು ನಮ್ಮವರು ಆಗಲೇ ಹೇಳಿದ್ದರು. 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ಒಂದು ಸುತ್ತೋಲೆಯಲ್ಲಿ ಅದನ್ನು ಒಪ್ಪಿಕೊಂಡಿತು. ಸಂಬಂಧವಿಲ್ಲದ ಫೋಟೋ, ಫೋಟೋದ ಮೇಲೆ ತೆಗೆದ ಫೋಟೋ, ಒಂದೇ ಆಳು ಹಲವು ಮಸ್ಟರುಗಳಲ್ಲಿ, ಪಟ್ಟಿಯಲ್ಲಿ ಇಷ್ಟು ಹೆಂಗಸರು ಫೋಟೋದಲ್ಲಿ ಅಷ್ಟಿಲ್ಲ, ಹೀಗೆ. ನಮ್ಮ ಅನುಮಾನವೂ ಸರ್ಕಾರದ ಅನುಮಾನವೂ ಒಂದೇ ಆಗಿತ್ತು. ವ್ಯತ್ಯಾಸ ಏನೆಂದರೆ ಅವರು ನೋಡಿ, ಪಟ್ಟಿ ಮಾಡಿ, ಕಾಗದದ ಮೇಲೆ ಬರೆದರು. ನಾವು ನಕ್ಕು ಎದ್ದು ಹೋದೆವು. ಅತ್ತ ಕಳ್ಳನಿಗೆ ಫೋಟೋದ ಫೋಟೋ ಸಾಕಾದರೆ, ಇತ್ತ ಸಿಗ್ನಲ್ ಸಿಗದ ದಿನ ನಿಜವಾಗಿ ಮಣ್ಣು ಹೊತ್ತವರ ಹಾಜರಿ ಹೋಯಿತು.

ಕಾಗದ ಹಿಡಿದು ಅನುಮಾನ ಪಡುವುದು ನಮಗೆ ಹೊಸದಲ್ಲ ಬಂಧುಗಳೇ. 2006ರ ಫೆಬ್ರವರಿ 2ರಂದು ಆಗಿನ ಪ್ರಧಾನಿ ಮನಮೋಹನ ಸಿಂಗರು ಉದ್ಯೋಗ ಖಾತರಿ ಯೋಜನೆಯನ್ನು ಆರಂಭಿಸಿದ್ದು ದಿಲ್ಲಿಯಲ್ಲಲ್ಲ, ನಮ್ಮ ಅನಂತಪುರ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ ಜನ ಊರೂರು ನಡೆದು ಸಾಮಾಜಿಕ ತಪಾಸಣೆ ಮಾಡಿದರು. ತಪಾಸಣೆ ಎಂದರೆ ದೊಡ್ಡ ವಿದ್ಯೆಯಲ್ಲ. ಮಸ್ಟರು ತೆಗೆದುಕೊಂಡು ಊರಿನವರ ಮುಂದೆ ಒಂದೊಂದೇ ಹೆಸರು ಓದುವುದು. “ಈ ಹೆಸರಿನವರು ಈ ಊರಲ್ಲಿ ಇದ್ದಾರೆಯೇ? ಇಷ್ಟು ದಿನ ಕೆಲಸ ಮಾಡಿದರೇ? ಇಷ್ಟು ಹಣ ಮುಟ್ಟಿತೇ?” ಓದು ಬಾರದ ಅಜ್ಜಿಯೂ ಎದ್ದು ನಿಂತು ಇಲ್ಲ ಎನ್ನಬಹುದು. ಅವಳ ಆ ‘ಇಲ್ಲ’ ದಾಖಲೆಗೆ ಸೇರುತ್ತದೆ. ಮಾತು ಅದೇ, ಅನುಮಾನವೂ ಅದೇ. ಬೆಂಚಿನ ಮೇಲೆ ಆಡಿದರೆ ಟೀಯ ಜೊತೆಗೆ ಆರಿಹೋಗುತ್ತದೆ.

ಈಗ ಜಿಲ್ಲೆ ಎರಡಾಗಿದೆ. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕಾನೂನೂ ಬದಲಾಯಿತು. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಹಳೆಯ ಉದ್ಯೋಗ ಖಾತರಿ ಕಾನೂನಿನ ಜಾಗಕ್ಕೆ ಹೊಸ ಕಾನೂನು ಮಾಡಿತು. 100 ದಿನದ ಬದಲು 125 ದಿನ ಎಂದು ಬರೆದಿದ್ದಾರೆ. ಬೆರಳು, ಮುಖ ನೋಡಿ ಗುರುತು ಹಿಡಿಯುವ ಯಂತ್ರಗಳಿಗೂ ಆ ಕಾನೂನಿನೊಳಗೇ ಜಾಗ ಮಾಡಿದ್ದಾರೆ. ಬೆಂಚಿನ ಮೇಲೆ ಒಬ್ಬರು “125 ಅಂತೆ!” ಎಂದು ಹಿಗ್ಗಿದರೆ ಇನ್ನೊಬ್ಬರು “ಎಲ್ಲಾ ಬರೀ ಸುಳ್ಳು” ಎನ್ನುತ್ತಾರೆ. ನಾವು ಎರಡನ್ನೂ ಬಿಟ್ಟು ಪ್ರಶ್ನೆ ಕೇಳೋಣ. ಯಾವ ತಾರೀಖಿನಿಂದ? ಯಾರು ಹೇಳಿದರು, ಕಾಗದ ಎಲ್ಲಿದೆ? ಯಂತ್ರ ತಪ್ಪಿದರೆ ನಷ್ಟ ಯಾರಿಗೆ? ತಪ್ಪಿದಾಗ ಬೇರೆ ದಾರಿ ಏನು? ಯಾವ ಹೊಸ ಪದ್ಧತಿ ಬಂದರೂ ಈ ನಾಲ್ಕು ಪ್ರಶ್ನೆ ಸಾಕು.

ಕೊನೆಗೆ, ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸ ಹೇಳುತ್ತೇನೆ. ಮನೆಯಲ್ಲಿರುವ ಪಾಸ್‌ಬುಕ್ಕುಗಳನ್ನೆಲ್ಲ ಹೊರಗೆ ತೆಗೆಯಿರಿ, ಟ್ರಂಕಿನ ತಳದಲ್ಲಿರುವುದನ್ನೂ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಆಧಾರಿನ ವೆಬ್‌ಸೈಟಿನಲ್ಲೂ ಅದನ್ನು ನೋಡಬಹುದು, ಓದಿದ ಮಕ್ಕಳು ನೋಡಿಕೊಡಲಿ. ಕೆಲಸಕ್ಕೆ ಹೋದ ದಿನ, ಜಾಗ, ಜೊತೆಯಲ್ಲಿದ್ದ ಇಬ್ಬರ ಹೆಸರು, ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಫೋಟೋ ಹೋಗದಿದ್ದರೂ ಆ ಪುಸ್ತಕ ಉಳಿಯುತ್ತದೆ. ರೇಷನ್ ಡಿಪೋದಲ್ಲಾಗಲಿ ಬ್ಯಾಂಕಿನಲ್ಲಾಗಲಿ ಬೆರಳು ಒಪ್ಪದಿದ್ದರೆ ಸುಮ್ಮನೆ ಹಿಂದಿರುಗಬೇಡಿ. ಬೇರೆ ದಾರಿ ಕೇಳಿ. ಕೊಡುವುದಿಲ್ಲ ಎಂದರೆ ಅದನ್ನೇ ಬರೆದುಕೊಡಿ ಎಂದು ಕೇಳಿ.

ನಮ್ಮಂಥ ಸಂಘದ ಕೆಲಸಗಾರರಿಗೆ ಇನ್ನೊಂದು ಮಾತು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ’ ಎನ್ನುವುದನ್ನು ಕಲಿಯೋಣ. ಅದರಿಂದ ನಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ. ಇದನ್ನು ನಾನು ಆ ಅಕ್ಕನಿಂದ ತಡವಾಗಿ ಕಲಿತೆ. ಅವರು ಈಗ ಮತ್ತೆ ಕೆಲಸಕ್ಕೆ ಹೆಸರು ಕೊಟ್ಟಿದ್ದಾರೆ.

ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ನಾನೂ ಆ ಹುಡುಗಿಯೂ ಕೂತಿರುತ್ತೇವೆ. ಯಾವ ಮತದವರಾದರೂ ಬರಬಹುದು. ಪಾಸ್‌ಬುಕ್ಕು, ಜಾಬ್ ಕಾರ್ಡು, ಆಧಾರ್ ಮೂರನ್ನೂ ತನ್ನಿ. ನಿಮ್ಮ ಅನುಮಾನವನ್ನೂ ತನ್ನಿ.