ಕಾವಲಿಗೆ ಕಾವಲು

ಮುಂಬಯಿಯ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ನಮ್ಮದೊಂದು ಹಳೆಯ ಕಟ್ಟಡ. ಕಳೆದ ಭಾನುವಾರ ಸೊಸೈಟಿಯ ಸಭೆ ಇತ್ತು. ನೀರಿನ ಟ್ಯಾಂಕು, ಲಿಫ್ಟಿನ ರಿಪೇರಿ ಎಲ್ಲ ಮುಗಿದ ಮೇಲೆ ಕಮಿಟಿಯವರೊಬ್ಬರು ಟಿವಿಯಲ್ಲಿ ಒಂದು ದೃಶ್ಯ ಹಾಕಿದರು. ಗೇಟಿನ ಕ್ಯಾಮೆರಾ ಹಿಡಿದದ್ದು. ಬೆಳಗಿನ ಜಾವ ಮೂರು ಗಂಟೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ವಾಚ್‌ಮನ್‌ನ ತಲೆ ಎದೆಗೆ ಬೀಳುತ್ತದೆ, ಬೆಚ್ಚಿ ಏಳುತ್ತದೆ, ಮತ್ತೆ ಬೀಳುತ್ತದೆ. ಸಭೆಗೆ ಸಭೆಯೇ ನಕ್ಕಿತು. "ಇವನನ್ನು ಕಾಯೋದಕ್ಕೆ ಇನ್ನೊಬ್ಬನನ್ನ ಇಡಬೇಕು" ಎಂದರು ಯಾರೋ.

ನೆಲಮಹಡಿಯ ಅಜ್ಜಿಯೊಬ್ಬರು ಮಾತ್ರ, "ಅವತ್ತು ಬದಲಿಯವನು ಬರಲೇ ಇಲ್ಲವಲ್ಲ" ಎಂದರು. 12 ಗಂಟೆಯ ಹಗಲು ಪಾಳಿ ಮುಗಿಸಿದವನೇ ರಾತ್ರಿಗೂ ಕೂತಿದ್ದನಂತೆ. ಅಜ್ಜಿ ಅವನಿಗೆ ಚಹಾ ಕೊಡುವವರು, ಅವರಿಗೆ ಗೊತ್ತು. ಉಳಿದವರಿಗೆ ಗೊತ್ತಿದ್ದದ್ದು ಪರದೆ ಹೇಳಿದಷ್ಟೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಿಮಗೆಲ್ಲ ಗೊತ್ತಿರುವುದೇ. ನನಗೆ ಇದರ ಮೇಲೆ ತುಸು ಹೆಚ್ಚೇ ಪ್ರೀತಿ. ಕಣ್ಣು ಮೋಸ ಮಾಡುತ್ತದೆ ಎಂದು ಅದು ದೂರುವುದಿಲ್ಲ. ಕಂಡೆಯಾ, ಸರಿ, ಈಗ ಎದ್ದು ಹೋಗಿ ವಿಚಾರಿಸು ಅನ್ನುತ್ತದೆ. ಕಂಡವನ ತಲೆಯ ಮೇಲೆ ಒಂದು ಕೆಲಸ ಹೊರಿಸುತ್ತದೆ. ಪಾಪ, ಕ್ಯಾಮೆರಾಕ್ಕೆ ಎದ್ದು ಹೋಗಲು ಕಾಲಿಲ್ಲ. ಸಭೆಯಲ್ಲಿ ಕೂತವರಿಗೆಲ್ಲ ಇದ್ದವು.

ಗಾದೆಗೆ ನಮ್ಮ ಸಾಂತಾಕ್ರೂಜಿನಲ್ಲೇ ದೊಡ್ಡದೊಂದು ಸಾಕ್ಷಿ ಇದೆ. 2005ರ ಜುಲೈ 26, ಮುಂಬಯಿಯವರು ಯಾರೂ ಮರೆಯದ ದಿನ. ಮೀಠಿ ನದಿ ಉಕ್ಕಿತು, ಕಾಲಿನಾದ ಏರ್ ಇಂಡಿಯಾ ಕಾಲೊನಿ ಮುಳುಗಿತು, ನೂರಾರು ಜನ ಜೀವ ಕಳೆದುಕೊಂಡರು. ಮರುದಿನ ಬೆಳಿಗ್ಗೆ 8:30ಕ್ಕೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ಹವಾಮಾನ ವೀಕ್ಷಣಾಲಯದಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಇಡೀ ಮಳೆಗಾಲದಲ್ಲಿ ಇಲ್ಲಿ ಬೀಳುವುದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು, ಒಂದೇ ದಿನದಲ್ಲಿ. ಅದೇ ಹೊತ್ತಿಗೆ ಇದೇ ಊರಿನ ಕೊಲಾಬಾದಲ್ಲಿ? 1826ರಿಂದ ನಡೆದು ಬಂದಿರುವ ಅಲ್ಲಿನ ವೀಕ್ಷಣಾಲಯ ಬರೆದುಕೊಂಡದ್ದು ಸುಮಾರು 73 ಮಿಲಿಮೀಟರ್. ನಡುವಿನ ದೂರ 20 ಕಿಲೋಮೀಟರ್ ಆಸುಪಾಸು. ಕೊಲಾಬಾದ ಕಿಟಕಿಯಲ್ಲಿ ನಿಂತವನು 'ಮಾಮೂಲಿ ಮಳೆ' ಎಂದಿದ್ದರೆ ಅವನೇನೂ ಸುಳ್ಳುಗಾರನಲ್ಲ. ಅವನು ತನ್ನ ಕಿಟಕಿಯಿಂದ ನೋಡಿದ, ಅಷ್ಟೆ.

ಮಳೆ ಅಳೆಯುವ ಕೆಲಸದ ಬಗ್ಗೆ ನನಗೆ ಬೇರೊಂದು ಕಾರಣಕ್ಕೂ ಗೌರವ. ದಿನಾ ಬೆಳಿಗ್ಗೆ 8:30ಕ್ಕೆ ವೀಕ್ಷಕ ಹೋಗಿ ಮಾಪಕದಲ್ಲಿ ಸಂಗ್ರಹವಾದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಅಂಕಿ ಬರೆದು, ನೀರು ಚೆಲ್ಲುತ್ತಾನೆ. ಚೆಲ್ಲಿದ ಮೇಲೆ ಆ ನೀರನ್ನು ಯಾವ ಮೇಲಧಿಕಾರಿಯೂ ಮತ್ತೆ ಅಳೆಯಲಾರ. ತಾನಾಗಿ ಗೆರೆ ಎಳೆಯುವ ಯಂತ್ರಗಳೂ ಇವೆ ನಿಜ, ಆದರೆ ಅವುಗಳ ತಪ್ಪು ಒಪ್ಪು ನೋಡುವುದಕ್ಕೂ ಒಬ್ಬ ಮನುಷ್ಯ ಬೇಕು. ವಾಚ್‌ಮನ್‌ನನ್ನು ಕ್ಯಾಮೆರಾ ಕಾಯುತ್ತದೆ, ಕ್ಯಾಮೆರಾವನ್ನು ಕಮಿಟಿ, ಕಮಿಟಿಯನ್ನು ಲೆಕ್ಕ ತಪಾಸಣೆಯವರು. ಎಷ್ಟು ಮೇಲಕ್ಕೆ ಹತ್ತಿದರೂ ಕೊನೆಯ ಮೆಟ್ಟಿಲಲ್ಲಿ ಯಾರೂ ನೋಡದಿದ್ದಾಗಲೂ ಸರಿಯಾದ ಅಂಕಿ ಬರೆಯುವ ಒಬ್ಬ ಮನುಷ್ಯ ಇರಲೇಬೇಕು. ಅಂಥವನನ್ನು ಪಾಳಿಯ ಮೇಲೆ ಪಾಳಿ ಹೇರಿ ದಣಿಸಿ, ಆಮೇಲೆ ತೂಕಡಿಸಿದ್ದನ್ನು ಟಿವಿಯಲ್ಲಿ ತೋರಿಸುವುದು ನನಗೆ ಸೇರುವುದಿಲ್ಲ.

ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ಕಳ್ಳತನ ಆಗುತ್ತದೆ, ಒಂಟಿ ಹೆಂಗಸರು ಹೊತ್ತು ಮೀರಿ ಮನೆಗೆ ಬರುತ್ತಾರೆ. ಇರಲಿ.

ಆದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಜನ ಈ ಊರಲ್ಲಿ ಇನ್ನೊಂದು ಬಗೆಯ ನಿಗಾದಲ್ಲಿ ಬೆಳೆದವರು. ಹೋಟೆಲಿನ ಗಲ್ಲಾದಲ್ಲಿ ಕೂತ ಧಣಿಯ ಕಣ್ಣು ಸಾಮಾನ್ಯದ್ದಲ್ಲ. ಯಾವ ಮೇಜಿಗೆ ಎಷ್ಟು ಚಹಾ ಹೋಯಿತು, ಯಾವ ಹುಡುಗ ಇಡ್ಲಿ ಬಾಯಿಗೆ ಹಾಕಿಕೊಂಡ, ಎಲ್ಲ ಕಾಣುತ್ತಿತ್ತು. ಅದೇ ಕಣ್ಣಿಗೆ ಸಂಜೆ ರಾತ್ರಿಶಾಲೆಗೆ ಹೊತ್ತಾದದ್ದೂ ಕಾಣುತ್ತಿತ್ತು. "ಏ, ಪುಸ್ತಕ ತಗೊಂಡು ನಡಿ" ಎಂದು ಗದರಿಸಿ, ಆ ಹುಡುಗನ ಮೇಜನ್ನು ತಾನೇ ಒರೆಸಿದ ಧಣಿಗಳ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕೂತು ಓದಿದವರಲ್ಲಿ ಹೋಟೆಲು, ಕ್ಯಾಂಟೀನುಗಳ ಹುಡುಗರು ಬಹಳ ಮಂದಿ. ಅವರಲ್ಲಿ ಕೆಲವರು ವಕೀಲರಾದರು, ಕೆಲವರು ಬ್ಯಾಂಕಿಗೆ ಸೇರಿದರು, ಕೆಲವರು ತಾವೇ ಹೋಟೆಲು ತೆರೆದರು.

ಧಣಿಗಳೆಲ್ಲ ಹಾಗೆ ಇದ್ದರೆಂದು ನಾನು ಹೇಳಲಾರೆ. ಬರೀ ಇಡ್ಲಿ ಎಣಿಸಿದವರೂ ಇದ್ದರು, ಅವರ ಹೆಸರನ್ನು ಮಾತ್ರ ಹಿರಿಯರು ಎತ್ತುವುದಿಲ್ಲ.