ನೆರೆ ನುಗ್ಗಿದಾಗ ಮೊಸಳೆ ಎಲ್ಲಿರುತ್ತೆ?

2015ರ ಡಿಸೆಂಬರ್ ಮೊದಲ ವಾರದ ಚೆನ್ನೈ ನೆನಪಿದೆಯಾ? ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ. ಚೆಂಬರಂಬಾಕ್ಕಂ ಕೆರೆಯಿಂದ ಅಡ್ಯಾರ್ ನದಿಗೆ 29,000 ಕ್ಯೂಸೆಕ್ಸ್ ನೀರು. ಸೈದಾಪೇಟೆ, ಕೊಟ್ಟೂರುಪುರಂ ಕಡೆ ಜನ ಮಹಡಿ ಹತ್ತಿ ಕೂತಿದ್ದರು. ಆ ಗಾಬರಿಯಲ್ಲೇ ವಾಟ್ಸಾಪ್‌ನಲ್ಲಿ ಇನ್ನೊಂದು ಸುದ್ದಿ ಹಬ್ಬಿತು: ಕ್ರೊಕೊಡೈಲ್ ಬ್ಯಾಂಕಿನ ಮೊಸಳೆಗಳು ತಪ್ಪಿಸಿಕೊಂಡು ಬೀದಿಗೆ ಬಂದಿವೆ ಅಂತ.

ಅದು ಶುದ್ಧ ಸುಳ್ಳು. ಮೊಸಳೆಗಳನ್ನು ಸಾಕಿ ಅಧ್ಯಯನ ಮಾಡೋ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್ ಇರೋದು ಅಡ್ಯಾರ್ ದಂಡೆಯಲ್ಲಲ್ಲ. ನಗರದಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ, ಮಹಾಬಲಿಪುರಂ ದಾರಿಯ ವಡನೆಮ್ಮೇಲಿಯಲ್ಲಿ, ಸಮುದ್ರದ ಪಕ್ಕದ ಮರಳು ನೆಲದಲ್ಲಿ. 1976ರಲ್ಲಿ ರೋಮುಲಸ್ ವಿಟೇಕರ್, ಝಾಯಿ ವಿಟೇಕರ್ ಮತ್ತು ಗೆಳೆಯರು ಕಟ್ಟಿದ್ದು.

ಹಾಗಂತ ಭಯಕ್ಕೆ ಬುಡವೇ ಇಲ್ಲ ಅನ್ನೋ ಹಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಪೆರುಂಗಳತ್ತೂರಿನ ರಸ್ತೆಯನ್ನು ಒಂದು ಮೊಸಳೆ ನಿಜವಾಗಿಯೂ ದಾಟಿಹೋಯಿತು. ವಿಡಿಯೋ ನೀವೂ ನೋಡಿರಬಹುದು. ಚೆನ್ನೈ ಸುತ್ತಲಿನ ಕೆಲವು ಕೆರೆಗಳಲ್ಲಿ ಮೊಸಳೆಗಳು ಮೊದಲಿಂದಲೂ ಇವೆ, ನಾಚಿಕೆ ಸ್ವಭಾವದವು, ಕೆರೆ ಕೋಡಿ ಬಿದ್ದದ್ದಕ್ಕೆ ಇದು ಹೊರಬಂದಿದೆ ಅಂತ ಅಧಿಕಾರಿಗಳೇ ಹೇಳಿದರು.

ಪ್ರಾಣಿಗಳನ್ನು ಸಾಕಿ ಅಧ್ಯಯನ ಮಾಡೋ ಜಾಗದಲ್ಲಿ ಹೀಗೆ ನೀರು ಏರೋದೇ ದೊಡ್ಡ ತಲೆನೋವು. ಆವರಣದ ಗೋಡೆಯ ಎತ್ತರವನ್ನು ನೀರಿನ ಮಟ್ಟದಿಂದ ಅಳೆಯಬೇಕು. ಕೊಳ ಎರಡಡಿ ತುಂಬಿತು ಅಂದರೆ ಗೋಡೆ ಎರಡಡಿ ಗಿಡ್ಡ ಆಯಿತು ಅಂತಲೇ ಲೆಕ್ಕ. ತೂಬಿಗೆ ಒಂದು ಹಿಡಿ ತರಗೆಲೆ ಸಿಕ್ಕಿಕೊಂಡರೂ ಸಾಕು, ನೀರು ಏರುತ್ತೆ. ಇನ್ನು ದುಡ್ಡಿನ ಮಾತು. ಕ್ರೊಕೊಡೈಲ್ ಬ್ಯಾಂಕಿಗೆ ಪ್ರವಾಸಿಗರ ಟಿಕೆಟ್ ಹಣವೇ ಮುಖ್ಯ ಆದಾಯ. ರಸ್ತೆ ಬಂದ್ ಆಗಿ ಪ್ರವಾಸಿಗರು ಬರದಿದ್ದರೂ ಮೊಸಳೆಗೆ ಆಹಾರ ಹಾಕಲೇಬೇಕಲ್ಲ?

ಆದರೆ ನನಗೆ ನಿಜವಾಗಿ ಸಂಕಟ ಆಗೋದು ದಾಖಲೆಗಳ ವಿಷಯದಲ್ಲಿ. ಮೊಸಳೆ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಅನ್ನೋದನ್ನು ಗೂಡಿನ ಬಿಸಿ ತೀರ್ಮಾನಿಸುತ್ತೆ. 28ರಿಂದ 31 ಡಿಗ್ರಿಯಲ್ಲಿಟ್ಟರೆ ಎಲ್ಲವೂ ಹೆಣ್ಣು, 32.5ರ ಹತ್ತಿರ ಗಂಡು. ನಮ್ಮ ಜೌಗು ಮೊಸಳೆಯ ಈ ಗುಟ್ಟು ಬಯಲಾಗಿದ್ದು ಇದೇ ವಡನೆಮ್ಮೇಲಿಯಲ್ಲಿ. ಯಾವ ಗೂಡು, ಎಷ್ಟು ಬಿಸಿ, ಯಾವ ಮರಿ ಅಂತ ತಾಳ್ಮೆಯಿಂದ ಬರೆದಿಟ್ಟ ಪುಸ್ತಕಗಳು ಒದ್ದೆಯಾದರೆ ಮತ್ತೆ ಸಿಗಲ್ಲ.

ನೀರು ತರೋ ನಷ್ಟ ಎಷ್ಟು ಆಳ ಅನ್ನೋದಕ್ಕೆ ಕ್ರೊಕೊಡೈಲ್ ಬ್ಯಾಂಕಿನ ಅಂಡಮಾನ್ ಶಾಖೆಯವರು ಕೆಲಸ ಮಾಡುತ್ತಿದ್ದ ಜಾಗ ನೋಡಿ. ಗ್ರೇಟ್ ನಿಕೋಬಾರ್‌ನ ಗಲಾಥಿಯಾ ತೀರದಲ್ಲಿ ಲೆದರ್‌ಬ್ಯಾಕ್ ಕಡಲಾಮೆಗಳನ್ನು ರಾತ್ರಿಯೆಲ್ಲ ಎಣಿಸುತ್ತಿದ್ದ ಶಿಬಿರ ಅದು. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂತು. ಶಿಬಿರ ಕೊಚ್ಚಿಹೋಯಿತು, ಅಲ್ಲಿದ್ದವರಲ್ಲಿ ಕೆಲವರು ಮರಳಲೇ ಇಲ್ಲ. ಆಮೆಗಳು ಮೊಟ್ಟೆ ಇಡುತ್ತಿದ್ದ ಮರಳ ದಂಡೆಯೂ ಹೋಯಿತು. ಹತ್ತಿರದ ಇಂದಿರಾ ಪಾಯಿಂಟ್‌ನಲ್ಲಿ ನೆಲ ಸುಮಾರು 4.25 ಮೀಟರ್ ಕುಸಿದಿತ್ತು.

ಕೆಲಸ ಮತ್ತೆ ಶುರುವಾಗಿದ್ದು 2008ರಲ್ಲಿ, ಲಿಟಲ್ ಅಂಡಮಾನ್‌ನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ತಂಡ, ದಕ್ಷಿಣ್ ಫೌಂಡೇಶನ್ ಮತ್ತು ಆ ಅಂಡಮಾನ್ ಶಾಖೆ ಕೈಜೋಡಿಸಿದವು. ಉಪಗ್ರಹ ಟ್ಯಾಗ್ ಹಾಕಿದ ಆಮೆಗಳಲ್ಲಿ ಒಂದು 13,000 ಕಿಲೋಮೀಟರಿಗೂ ಹೆಚ್ಚು ಈಜಿ ಮೊಜಾಂಬಿಕ್ ತಲುಪಿತು. ನಿಕೋಬಾರ್‌ನಲ್ಲೂ ಮರಳು ನಿಧಾನಕ್ಕೆ ಮತ್ತೆ ಕೂಡಿತು, ಲೆದರ್‌ಬ್ಯಾಕ್‌ಗಳು ಮರಳಿದವು. ಎಷ್ಟು ಮರಳಿದವು ಅಂತ ಹೋಲಿಸಿ ನೋಡೋಕೆ ಆಧಾರವಾಗಿದ್ದು ಸುನಾಮಿಗೆ ಮುಂಚೆ ಆ ತೀರದಲ್ಲಿ ಎಣಿಸಿದವರ ಲೆಕ್ಕ.